ಹಳಸಿದ ಸಾಂಬಾರು, ಒಂದು ತೂಕು ಮಜ್ಜಿಗೆ

(ಮಾತೆ ಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದು ಹಬ್ಬ. ನಿಮ್ಮೆಲ್ಲರ ಮನೆಯಲ್ಲೂ ಅಡುಗೆ ಅರ್ಧ ಮುಗಿದಿರಬೇಕು. ಕೆಲವು ತಾಯಂದಿರು ಇಲ್ಲಿ ಕುಳಿತಿದ್ದರೂ ಮನಸ್ಸು ಮಾತ್ರ ಒಲೆಯ ಮೇಲಿರುವ ಕುಕ್ಕರಿನ ಹತ್ತಿರವೇ ಇದೆ ಎಂಬುದು ನಮಗೆ ಗೊತ್ತು. ಇಂಥ ದಿನ ಊಟದ ಬಗ್ಗೆ ಮಾತನಾಡಿದರೆ ನೀವು ಬೇಸರಪಡಲಾರಿರಿ. ಆದರೆ ನಾವು ಹೇಳಹೊರಟಿರುವುದು ಒಳ್ಳೆಯ ಊಟದ ಬಗ್ಗೆ ಅಲ್ಲ, ಬಾಯಿಗಿಡಲಾಗದ ಒಂದು ಊಟದ ಬಗ್ಗೆ.

ಈಗ ತಾನೇ ನೀವು ಕೇಳಿದ ಶುಭಸಂದೇಶದಲ್ಲಿ ಸಂತ ಮತ್ತಾಯರು ಒಂದು ಉದ್ದನೆಯ ವಂಶಾವಳಿ ಕೊಟ್ಟಿದ್ದಾರೆ. ಅಬ್ರಹಾಮನಿಂದ ಹಿಡಿದು ಜೋಸೆಫರವರೆಗೆ ಹೆಸರಿನ ಮೇಲೆ ಹೆಸರು. ಓದುವ ನಮಗೂ ನಾಲಿಗೆ ತೊಡರುತ್ತದೆ, ಕೇಳುವ ನಿಮಗೂ ಆಕಳಿಕೆ ಬರುತ್ತದೆ. ಆದರೆ ಈ ಪಟ್ಟಿಯ ನಡುವೆ ರೂತ್ ಎಂಬ ಹೆಸರೊಂದು ಇದೆ. ಗಂಡಸರ ಹೆಸರುಗಳ ನಡುವೆ ಒಬ್ಬ ಹೆಣ್ಣುಮಗಳು, ಅದರಲ್ಲೂ ಹೊರನಾಡಿನವಳು, ಮೋವಾಬಿನವಳು. ನಮ್ಮ ಮಾತೆಯ ಹಬ್ಬದ ದಿನ ಈಕೆಯ ಹೆಸರನ್ನು ಏಕೆ ಓದುತ್ತೇವೆ ಎಂದು ಬಹಳ ವರ್ಷ ನಾವೂ ಯೋಚಿಸಿರಲಿಲ್ಲ. 2016ರಲ್ಲಿ, ತಂಜಾವೂರಿನ ದಾರಿಯಲ್ಲಿ, ಒಂದು ಸಣ್ಣ ಹೋಟೆಲಿನ ಬೆಂಚಿನ ಮೇಲೆ ಕುಳಿತು ಯೋಚಿಸಬೇಕಾಯಿತು.

ಆ ವರ್ಷದ ನೆನಪು ನಿಮಗಿದೆ. ನಮ್ಮ ಮಂಡ್ಯ ಸೀಮೆಯವರು ಮರೆಯುವ ವರ್ಷವಲ್ಲ ಅದು. ಮಳೆ ಕೈಕೊಟ್ಟಿತ್ತು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ತಳ ಹಿಡಿಯುತ್ತಿತ್ತು. ಕಬ್ಬು ಗದ್ದೆಯಲ್ಲೇ ಒಣಗುತ್ತಿತ್ತು. ಹಿಂದಿನ ವರ್ಷ, 2015ರಲ್ಲಿ, ನಮ್ಮ ಜಿಲ್ಲೆಯಲ್ಲಿ ಎಷ್ಟು ರೈತರ ಮನೆಗಳಲ್ಲಿ ಸಾವಿನ ಸೂತಕ ಆಯಿತೆಂಬುದನ್ನು ನಾವು ಇಲ್ಲಿ ಎಣಿಸುವುದು ಬೇಡ. ನಿಮ್ಮ ನಡುವೆ ಅಂಥ ಮನೆಯವರು ಕುಳಿತಿದ್ದೀರಿ.

ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ನಾವು ಹದಿನಾಲ್ಕು ಮಂದಿ ಒಂದು ಟೆಂಪೋ ಟ್ರಾವೆಲರಿನಲ್ಲಿ ವೇಳಾಂಕಣ್ಣಿಗೆ ಹೊರಟೆವು. ಹರಕೆ ಹೊತ್ತವರು, ಮಗುವಿನ ಮುಡಿ ಕೊಡುವವರು, ಸುಮ್ಮನೆ ಸಮುದ್ರ ನೋಡಬೇಕೆಂದವರು ಎಲ್ಲರೂ ಇದ್ದರು. ನಾವು ಹೊರಟ ಮರುದಿನ, 5ರಂದು, ಸುಪ್ರೀಂ ಕೋರ್ಟು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ಸ್ ನೀರು ಬಿಡಬೇಕೆಂದು ಆದೇಶ ಕೊಟ್ಟಿತು. 6ರಂದು ಮಂಡ್ಯ ಬಂದ್. 9ರಂದು ಕರ್ನಾಟಕ ಬಂದ್. ನಾವು ಅಷ್ಟೂ ದಿನ ಕಾವೇರಿಯ ಇನ್ನೊಂದು ತುದಿಯಲ್ಲಿ, ನಾಗಪಟ್ಟಣದ ಜಿಲ್ಲೆಯಲ್ಲಿ ಕುಳಿತಿದ್ದೆವು. ನೋಡಿ, ನದಿಯ ಮೇಲ್ತುದಿಯವರು ಹೋಗಿ ಕೆಳತುದಿಯಲ್ಲಿ ಸಿಕ್ಕಿಕೊಂಡಿದ್ದೆವು!

7ರ ಸಂಜೆ ತೇರು ನೋಡಿದೆವು, 8ರಂದು ಹಬ್ಬದ ಪೂಜೆಯಲ್ಲಿ ಭಾಗವಹಿಸಿದೆವು. ವೇಳಾಂಕಣ್ಣಿಯಲ್ಲಿ ಯಾರೂ ನಮ್ಮನ್ನು ಯಾವ ಊರೆಂದು ಕೇಳಲಿಲ್ಲ. ಆ ಜನಸಾಗರದಲ್ಲಿ ಯಾರು ಯಾರನ್ನು ಕೇಳುತ್ತಾರೆ? ಆದರೆ ವಸತಿಗೃಹದ ಟಿವಿಯಲ್ಲಿ ಮಂಡ್ಯದ ಹೆದ್ದಾರಿಯಲ್ಲಿ ಟೈರು ಉರಿಯುವುದನ್ನು ತಮಿಳಿನಲ್ಲಿ ತೋರಿಸುತ್ತಿದ್ದರು. ನಮ್ಮವರೇ ಕೆಲವರನ್ನು ಗುರುತಿಸಿದೆವು ಕೂಡ. ಟಿವಿ ಆರಿಸಿದೆವು.

10ರ ಶನಿವಾರ ಬೆಳಿಗ್ಗೆ ಹೊರಟಾಗ ನಮ್ಮ ಡ್ರೈವರು ವಾಹನದ ಮುಂದಿನ ನಂಬರಿಗೆ ಕೆಸರು ಮೆತ್ತಿದ. ಕೆಎ 11 ಎಂಬುದು ಕಾಣಬಾರದೆಂದು. ನಾವು ಬೇಡ ಎನ್ನಲಿಲ್ಲ. ಗುರುಗಳಾಗಿ ನಾವು ಬೇಡ ಎನ್ನಬೇಕಾಗಿತ್ತೋ ಏನೋ, ಆದರೆ ಹದಿನಾಲ್ಕು ಜನರ ಜವಾಬ್ದಾರಿ ನಮ್ಮ ಮೇಲಿತ್ತು, ಅದರಲ್ಲಿ ನಾಲ್ಕು ಮಕ್ಕಳು. ನಾವೂ ಹೆದರಿದ್ದೆವು. ವಾಹನದೊಳಗೆ ಜೋರಾಗಿ ಕನ್ನಡ ಮಾತನಾಡಬೇಡಿ ಎಂದು ನಾವೇ ಹೇಳಿದ್ದೆವು. ಜಪಸರ ಹೇಳಿದೆವು, ಅದನ್ನೂ ಪಿಸುಮಾತಿನಲ್ಲಿ.

ತಿರುವಾರೂರು ದಾಟಿ ಒಂದಷ್ಟು ದೂರ ಬಂದಾಗ ಮಧ್ಯಾಹ್ನ ಎರಡು ಗಂಟೆ. ದೊಡ್ಡ ಹೋಟೆಲಿನ ಮುಂದೆ ನಿಲ್ಲಿಸಲು ಧೈರ್ಯ ಸಾಲದೆ, ರಸ್ತೆ ಬದಿಯ ಒಂದು ಸಣ್ಣ ಹೋಟೆಲಿನ ಮುಂದೆ ನಿಲ್ಲಿಸಿದೆವು. ತಗಡಿನ ಮಾಡು, ನಾಲ್ಕು ಮೇಜು. ಮಾಲೀಕ ಒಬ್ಬನೇ. ಹಬ್ಬದ ಜನ ಕರಗಿ ಹೋಗಿದ್ದರಿಂದ ಅಡುಗೆಯವನು ಊರಿಗೆ ಹೋಗಿದ್ದನಂತೆ. ಎಲೆ ಹಾಕಿದ. ಅನ್ನ ಬಡಿಸಿದ. ಹೊರಗೆ ಮುದ್ದೆಯಾಗಿತ್ತು, ಒಳಗೆ ಅಕ್ಕಿಯಾಗಿಯೇ ಇತ್ತು. ಸಾಂಬಾರು ಹಿಂದಿನ ದಿನದ್ದು, ಹುಳಿ ಬಂದು ನೊರೆ ಕಟ್ಟಿತ್ತು. ಹಪ್ಪಳ ಒದ್ದೆ ಬಟ್ಟೆಯಂತೆ ಬಾಗುತ್ತಿತ್ತು. ರಸಂ ಎಂದು ಕೊಟ್ಟದ್ದು ಏನೆಂದು ನಮಗೆ ಇಂದಿಗೂ ತಿಳಿದಿಲ್ಲ. ನಮ್ಮ ಜೊತೆಯಲ್ಲಿದ್ದ ಒಬ್ಬ ಅಜ್ಜಿ ಎಲೆಗೆ ಕೈಮುಗಿದು, "ಉಪವಾಸದ ಹರಕೆ ಹೊತ್ತಿದ್ದೆ, ನೆನಪೇ ಇರಲಿಲ್ಲ" ಎಂದುಬಿಟ್ಟರು.

ಬೇರೆ ದಿನವಾಗಿದ್ದರೆ ನಮ್ಮವರು ಆ ಮಾಲೀಕನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಮಂಡ್ಯದವರ ಬಾಯಿ ನಿಮಗೆ ಗೊತ್ತೇ ಇದೆ! ಆದರೆ ಆ ದಿನ ಬಾಯಿ ಬಿಟ್ಟರೆ ಕನ್ನಡ ಹೊರಬರುತ್ತಿತ್ತು. ಆದ್ದರಿಂದ ಹದಿನಾಲ್ಕು ಜನರೂ ಹಳಸಿದ ಸಾಂಬಾರನ್ನು ನೋಡುತ್ತ ತಲೆತಗ್ಗಿಸಿ ಕುಳಿತಿದ್ದೆವು. ಅಂಥ ಶಿಸ್ತಿನ ಊಟ ನಾವು ಯಾವ ಗುರುಮಠದಲ್ಲೂ ಕಂಡಿಲ್ಲ.

ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಕುಳಿತಿದ್ದರು. ಅರುವತ್ತರ ಆಸುಪಾಸು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅವರ ಎಲೆಯಲ್ಲೂ ಅದೇ ಅನ್ನ, ಅದೇ ಸಾಂಬಾರು. ಅವರೂ ತಿನ್ನುತ್ತಿರಲಿಲ್ಲ. ನಮ್ಮನ್ನು ಒಮ್ಮೆ ನೋಡಿ, ತಮ್ಮ ಎಲೆ ನೋಡಿ, ನಕ್ಕರು. ಆಮೇಲೆ ಯಾವ ಊರು ಎಂದು ತಮಿಳಿನಲ್ಲಿ ಕೇಳಿದರು.

ನಮ್ಮ ಡ್ರೈವರು ತಕ್ಷಣ ಹೊಸೂರು ಎಂದ. ಅವರು ನಮ್ಮ ಕಡೆ ತಿರುಗಿದರು. ಕುತ್ತಿಗೆಯಲ್ಲಿ ಶಿಲುಬೆ ಇದೆ, ಇವರು ಸುಳ್ಳು ಹೇಳಲಾರರು ಎಂದುಕೊಂಡರೋ ಏನೋ. ನಾವು ತಲೆಯಾಡಿಸಿದೆವು. ಹೊಸೂರು ಎಂದು ಬಾಯಿಬಿಟ್ಟು ಹೇಳಲಿಲ್ಲ, ನಿಜ. ತಲೆಯಾಡಿಸಿದೆವು.

ಪ್ರಿಯರೇ, ಸಂತ ಪೇತ್ರರು ಪ್ರಧಾನ ಯಾಜಕನ ಅಂಗಳದಲ್ಲಿ ಪ್ರಭುವನ್ನು ನಿರಾಕರಿಸಿದ ಕಥೆಯನ್ನು ಪ್ರತಿ ವರ್ಷ ಪವಿತ್ರ ವಾರದಲ್ಲಿ ನಾವು ಎಷ್ಟು ಗಟ್ಟಿಯಾಗಿ ಓದುತ್ತೇವೆ! ಅವರ ಮಾತಿನ ಧಾಟಿಯೇ ಅವರನ್ನು ಗಲಿಲೇಯದವರೆಂದು ಹಿಡಿದುಕೊಟ್ಟಿತೆಂದು ಮತ್ತಾಯರು ಬರೆಯುತ್ತಾರೆ. ನಮ್ಮನ್ನು ಹಿಡಿದುಕೊಟ್ಟದ್ದು ಕೋಳಿಯಲ್ಲ, ಒಬ್ಬ ಆರು ವರ್ಷದ ಹುಡುಗಿ. ಅವಳು ಎಲೆಯಿಂದ ತಲೆಯೆತ್ತಿ, ಇಡೀ ಹೋಟೆಲಿಗೆ ಕೇಳುವಂತೆ, "ಅಪ್ಪಾ, ನಾವು ಮಂಡ್ಯದೋರಲ್ವಾ?" ಎಂದಳು.

ಅದರಲ್ಲಿ ಬೇರೆ ಯಾವ ಪದವೂ ಅವರಿಗೆ ಅರ್ಥವಾಗಬೇಕಾಗಿರಲಿಲ್ಲ. ಮಂಡ್ಯ ಎಂಬ ಒಂದು ಪದ ಸಾಕಾಗಿತ್ತು. ತಂಜಾವೂರು ಸೀಮೆಯ ರೈತರಿಗೆ ಮೇಟ್ಟೂರು ಎಷ್ಟು ಗೊತ್ತೋ ಮಂಡ್ಯವೂ ಅಷ್ಟೇ ಗೊತ್ತು. ಮಾಲೀಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ. ಹೊರಗೆ ಬೀಡಿ ಸೇದುತ್ತಿದ್ದ ಇಬ್ಬರು ಒಳಗೆ ಇಣುಕಿದರು.

ಆ ಹಿರಿಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ಇದು: ಕನ್ನಂಬಾಡಿಯಲ್ಲಿ ಎಷ್ಟು ಅಡಿ ನೀರಿದೆ?

ಪ್ರಶ್ನೆ ಅರ್ಥವಾದದ್ದು ನಮ್ಮ ಗುಂಪಿನಲ್ಲಿದ್ದ ಒಬ್ಬ ರೈತರಿಗೆ. ಅವರ ಹೆಸರು ಹೇಳಬಾರದೆಂದು ಅವರು ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಮಳವಳ್ಳಿ ಕಡೆಯವರು ಎಂದಷ್ಟೇ ಹೇಳುತ್ತೇವೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿ ಅವರ ಜಮೀನು. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಅವತ್ತಿನ ಮಟ್ಟ ಎಷ್ಟೆಂಬುದು ಅವರಿಗೆ ತಮ್ಮ ಮಕ್ಕಳ ವಯಸ್ಸಿನಂತೆ ಬಾಯಿಪಾಠ. ಬೆರಳಿನಲ್ಲಿ ತೋರಿಸಿದರು. ಆ ಹಿರಿಯರು ಮೇಟ್ಟೂರಿನದನ್ನು ಬೆರಳಿನಲ್ಲಿ ತೋರಿಸಿದರು. ಅಲ್ಲಿ ಪೂರ್ಣ ಮಟ್ಟ 120 ಅಡಿ. ಎರಡೂ ಕಡೆ ಬೆರಳುಗಳು ಕಡಿಮೆಯೇ ಇದ್ದವು. ಇಬ್ಬರೂ ತಲೆಯಾಡಿಸಿದರು.

ಆಗ ಆ ಉಪವಾಸದ ಅಜ್ಜಿ ಬಾಯಿಬಿಟ್ಟರು. ಅಚ್ಚ ತಮಿಳು! ಹನ್ನೆರಡು ವರ್ಷದಿಂದ ನಮ್ಮ ಧರ್ಮಕೇಂದ್ರದಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ಆ ತಾಯಿಯ ಮನೆಮಾತು ತಮಿಳೆಂಬುದು ನಮಗೆ ಗೊತ್ತೇ ಇರಲಿಲ್ಲ. 1991ರ ಡಿಸೆಂಬರಿನ ಗಲಭೆಯಲ್ಲಿ ಬೆಂಗಳೂರಿನ ಮನೆ ಬಿಟ್ಟು ಬಂದವರಂತೆ. ಅಂದಿನಿಂದ ಮನೆಯ ಹೊರಗೆ ಆ ಭಾಷೆಯಲ್ಲಿ ಮಾತನಾಡಿರಲಿಲ್ಲ. ಇದು ಕೇಳಲು ಹಿತವಾದ ಮಾತಲ್ಲ. ಪೂಜೆ ಯಾವ ಭಾಷೆಯಲ್ಲಿ ಆಗಬೇಕು, ಯಾವ ಭಾಷೆಗೆ ಎಷ್ಟು ಗಂಟೆಯ ಪೂಜೆ ಎಂದು ನಮ್ಮ ದೇವಾಲಯಗಳ ಬಾಗಿಲಲ್ಲೇ ಎಷ್ಟು ಕೂಗಾಡಿದ್ದೇವೆ! ಹಾಗಿರುವಾಗ ಆ ತಾಯಿ ಸುಮ್ಮನಿದ್ದುದರಲ್ಲಿ ಆಶ್ಚರ್ಯವೇನಿದೆ? ನಮಗೆ ಆಶ್ಚರ್ಯವಾಗಬೇಕಾದ್ದು ನಮ್ಮ ಕಿವಿಯ ಬಗ್ಗೆ.

ಅಜ್ಜಿ ದುಭಾಷಿಯಾದರು. ಆ ಹಿರಿಯರ ಮನೆ ಅಲ್ಲಿಂದ ಹತ್ತಿರವೇ ಇತ್ತು. ಹೆಂಡತಿ ಮಗಳ ಮನೆಗೆ ಹೋಗಿದ್ದರಿಂದ ಅವರು ಹೋಟೆಲಿಗೆ ಬಂದಿದ್ದರು. ಫೋನು ತೆಗೆದು ಯಾರಿಗೋ ಏನೋ ಹೇಳಿದರು. ಕಾಲು ಗಂಟೆಯಲ್ಲಿ ಒಬ್ಬ ಹುಡುಗ ಸೈಕಲ್ಲಿನಲ್ಲಿ ದೊಡ್ಡ ಸ್ಟೀಲಿನ ತೂಕು ತಂದ. ಅದರ ತುಂಬ ನೀರು ಮಜ್ಜಿಗೆ, ಮೇಲೆ ಕರಿಬೇವು. ಇನ್ನೊಂದು ಪಾತ್ರೆಯಲ್ಲಿ ರಾತ್ರಿ ನೀರು ಹಾಕಿಟ್ಟ ತಂಗಳನ್ನ, ಒಂದು ಹಿಡಿ ಸಣ್ಣ ಈರುಳ್ಳಿ. ಮಾಲೀಕ ನಾಚಿಕೊಂಡು ಲೋಟಗಳನ್ನು ತಾನೇ ತೊಳೆದು ತಂದ. ಹಸಿದ ಹದಿನಾಲ್ಕು ಜನ, ಬೀಡಿ ಸೇದುತ್ತಿದ್ದ ಆ ಇಬ್ಬರು, ಮಾಲೀಕ, ಎಲ್ಲರೂ ಕುಡಿದೆವು. ಅಲ್ಲಿ ಬಾಯಿಗೆ ರುಚಿಸಿದ ಮೊದಲ ವಸ್ತು ಅದು.

ವೇಳಾಂಕಣ್ಣಿಗೆ ಹೋದವರಿಗೆಲ್ಲ ಆ ಸಂಪ್ರದಾಯ ಗೊತ್ತಿದೆ. ನಡುತಿಟ್ಟು ಎಂಬಲ್ಲಿ ಆಲದ ನೆರಳಲ್ಲಿ ಮಜ್ಜಿಗೆ ಮಾರುತ್ತ ಕುಳಿತಿದ್ದ ಕಾಲಿಲ್ಲದ ಬಡ ಹುಡುಗನ ಮುಂದೆ ಮಾತೆ ಮಗುವನ್ನೆತ್ತಿಕೊಂಡು ಕಾಣಿಸಿಕೊಂಡು, ತನ್ನ ಮಗುವಿಗೆ ಮಜ್ಜಿಗೆ ಕೇಳಿದರು ಎನ್ನುತ್ತಾರೆ. ನಾವು ಸಾಮಾನ್ಯವಾಗಿ ಈ ಕಥೆಯನ್ನು ಹೇಳುವಾಗ ಹುಡುಗ ಎದ್ದು ನಡೆದ, ಓಡಿದ ಎಂಬಲ್ಲಿಗೆ ಬೇಗ ಬಂದುಬಿಡುತ್ತೇವೆ. ಪವಾಡ ಅಲ್ಲಿದೆಯಲ್ಲ! ಆದರೆ ಅದಕ್ಕೆ ಮೊದಲು ಒಂದು ಸಣ್ಣ ಸಂಗತಿ ನಡೆದಿದೆ. ಗುರುತಿಲ್ಲದ ಹೆಂಗಸೊಬ್ಬಳು ಬಂದು ಬಾಯಾರಿದೆ ಎಂದಾಗ ಅವನು ಯಾವ ಊರು, ಯಾವ ಜಾತಿ ಎಂದು ಕೇಳದೆ ಲೋಟಕ್ಕೆ ಸುರಿದ. ಅದೂ ಮಾರುವ ಮಜ್ಜಿಗೆ, ಅವನ ಆ ದಿನದ ಕೂಲಿ. ಅಷ್ಟು ದಿನ ಆ ಪುಣ್ಯಸ್ಥಳದಲ್ಲಿದ್ದು ಮೊಂಬತ್ತಿ ಹಚ್ಚಿದ ನಮಗೆ ಈ ಭಾಗ ಹೊಳೆಯಲಿಲ್ಲ. ಅಲ್ಲಿಂದ ನಲವತ್ತು ಐವತ್ತು ಕಿಲೋಮೀಟರ್ ಈಚೆ ಬಂದು ತಗಡಿನ ಮಾಡಿನಡಿ ಹೊಳೆಯಿತು.

ಈಗ ರೂತಳ ಕಡೆ ಬರೋಣ. ಅವಳ ಕಥೆ ಶುರುವಾಗುವುದೇ ಬರಗಾಲದಿಂದ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದು ಅರ್ಥ. ರೊಟ್ಟಿಯ ಮನೆಯಲ್ಲೇ ರೊಟ್ಟಿಯಿಲ್ಲದೆ ನವೊಮಿಯ ಕುಟುಂಬ ಮೋವಾಬಿಗೆ ಗುಳೆ ಹೋಯಿತು. ಭತ್ತದ ಕಣಜ ಎನಿಸಿಕೊಂಡ ತಂಜಾವೂರಿನವರಿಗೂ, ಸಕ್ಕರೆಯ ನಾಡು ಎನಿಸಿಕೊಂಡ ನಮಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗಂಡನನ್ನು ಕಳೆದುಕೊಂಡ ರೂತ್ ಅತ್ತೆಯ ಹಿಂದೆ ಬೆತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ತೆನೆ ಆಯುತ್ತಾಳೆ. ಮಧ್ಯಾಹ್ನ ಊಟದ ಹೊತ್ತಿಗೆ ಬೋವಜ ಅವಳನ್ನು ಕರೆದು ಕೊಯ್ಲಿನವರ ಪಕ್ಕದಲ್ಲಿ ಕೂರಿಸುತ್ತಾನೆ. ಏನು ಕೊಟ್ಟ? ಹುರಿದ ಕಾಳು, ರೊಟ್ಟಿಯ ತುಂಡು, ಅದನ್ನು ಅದ್ದಿಕೊಳ್ಳಲು ಹುಳಿ ರಸ. ಎಂಥ ಊಟ ಅದು! ನಮ್ಮ ಸಾಂಬಾರಿಗಿಂತ ಬಹಳ ಮೇಲಾಗಿತ್ತೆಂದು ನಮಗನ್ನಿಸುವುದಿಲ್ಲ.

ಆದರೆ ಇದರ ಹಿಂದೆ ಇನ್ನೊಂದು ಸಂಗತಿ ಇದೆ. ಧರ್ಮೋಪದೇಶಕಾಂಡದಲ್ಲಿ ಮೋವಾಬಿನವರನ್ನು ದೇವಪ್ರಜೆಯ ಸಭೆಗೆ ಹತ್ತನೆಯ ತಲೆಮಾರಿನವರೆಗೂ ಸೇರಿಸಬಾರದೆಂದು ಕಟ್ಟಳೆ ಇದೆ. ಕಾರಣವೂ ಅಲ್ಲೇ ಇದೆ. ಇಸ್ರಾಯೇಲರು ಈಜಿಪ್ಟಿನಿಂದ ನಡೆದು ಬರುವಾಗ ದಾರಿಯಲ್ಲಿ ಅವರಿಗೆ ಅನ್ನ ನೀರು ಕೊಡಲಿಲ್ಲ ಎಂಬುದೇ ಅದರಲ್ಲಿ ಮೊದಲ ಕಾರಣ. ನೀರು ಕೊಡದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರ ಮೇಲೂ ಹಗೆ. ಅಂಥ ಜನರ ಮಗಳು ಬಂದು ಹೊಲದಲ್ಲಿ ನಿಂತಿದ್ದಾಳೆ. ಬೋವಜನಿಗೆ ಆ ಕಟ್ಟಳೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನಾವು ನಂಬುತ್ತೇವೆ. ಹಾಗಿದ್ದೂ ಅವಳಿಗೆ ಬಾಯಾರಿದರೆ ಆಳುಗಳು ಸೇದಿಟ್ಟ ನೀರನ್ನು ಕುಡಿ ಎಂದು ಮೊದಲೇ ಹೇಳಿದ್ದಾನೆ. ಅವನು ಕಟ್ಟಳೆಯ ಬಗ್ಗೆ ವಾದ ಮಾಡಲಿಲ್ಲ. ನೀರಿನ ಮಡಕೆ ತೋರಿಸಿದ. ಅವರ ಮಗ ಓಬೇದ, ಮೊಮ್ಮಗ ಜೆಸ್ಸೆಯ, ಮರಿಮಗ ದಾವೀದ. ಅದೇ ವಂಶದಲ್ಲಿ ಬಂದ ಜೋಸೆಫರ ಮನೆಯಲ್ಲಿ, ಇವತ್ತು ಯಾರ ಹುಟ್ಟುಹಬ್ಬ ಆಚರಿಸುತ್ತಿದ್ದೇವೋ ಆ ತಾಯಿಯ ಮಡಿಲಲ್ಲಿ ಪ್ರಭು ಯೇಸು ಬೆಳೆದರು.

ಮತ್ತೆ ಆ ಹೋಟೆಲಿಗೆ ಹೋಗೋಣ. ಮಜ್ಜಿಗೆ ಕುಡಿದು ಎಲ್ಲರೂ ಅಣ್ಣ ತಮ್ಮಂದಿರಾದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳವೂ ಆಯಿತು. ಆ ಹಿರಿಯರು ನಮ್ಮ ರೈತರಿಗೆ ನೀವು ನಮ್ಮ ನೀರು ತಡೆದಿದ್ದೀರಿ ಎಂದರು. ಮೇಟ್ಟೂರು ಅಣೆಕಟ್ಟನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯಬೇಕು. ಆ ವರ್ಷ ತೆರೆಯಲಿಲ್ಲ, ಕುರುವೈ ಬೆಳೆ ಹೋಯಿತು. ಈಗ ಸಾಂಬಾ ಬೆಳೆಯ ಒಟ್ಲು ಹಾಕಲೂ ಹನಿ ನೀರಿಲ್ಲ ಎಂದರು. ನಮ್ಮವರು ಸುಮ್ಮನಿರುತ್ತಾರೆಯೇ? ನಮಗೆ ಕುಡಿಯಲೇ ಇಲ್ಲ, ನಿಮಗೆ ಎರಡನೇ ಮಳೆಗಾಲವಿದೆ, ನಮಗೆ ಅದೂ ಇಲ್ಲ ಎಂದರು. ಪಾಪ, ಅಜ್ಜಿಗೆ ಎರಡೂ ಕಡೆಯ ಕೋಪವನ್ನು ಅನುವಾದ ಮಾಡಿ ಮಾಡಿ ಸಾಕಾಯಿತು. ಒಂದು ಹಂತದಲ್ಲಿ ಅವರು, "ಇದನ್ನ ನಾನು ಹೇಳಲ್ಲ, ನೀವೇ ಹೇಳಿಕೊಳ್ಳಿ" ಎಂದು ಕುಳಿತುಬಿಟ್ಟರು.

ಆಮೇಲೆ ಹೇಗೋ ಮಾತು ನಾಲೆಯ ಕಡೆ ತಿರುಗಿತು. ಆ ಹಿರಿಯರ ಗದ್ದೆಯೂ ಕೊನೆಯಂಚಿನದು. ಮೇಟ್ಟೂರಿನಿಂದ ನೀರು ಬಿಟ್ಟರೂ ಅದು ವೆಣ್ಣಾರು ಹಿಡಿದು, ಸೀಳುನಾಲೆ ಹಿಡಿದು ಅವರ ಗದ್ದೆ ಮುಟ್ಟುವಷ್ಟರಲ್ಲಿ ಮೇಲಿನವರು ತಿರುಗಿಸಿಕೊಂಡಿರುತ್ತಾರೆ. ನಮ್ಮ ರೈತರು ಇದನ್ನು ಕೇಳಿ ಎದ್ದು ನಿಂತೇಬಿಟ್ಟರು. ಅವರ ಕಥೆಯೂ ಅದೇ! ನಾಲೆಗೆ ನೀರು ಬಿಟ್ಟಿದ್ದಾರೆಂದು ಪೇಪರಿನಲ್ಲಿ ಬರುತ್ತದೆ, ಮದ್ದೂರು ಮಳವಳ್ಳಿಯ ಕೊನೆಗೆ ಬರುವುದು ಕೆಸರು. ರಾತ್ರಿ ಟಾರ್ಚು ಹಿಡಿದು ತೂಬು ಕಾಯುವುದು, ಸೌಡಿಯ ಕೈಕಾಲು ಹಿಡಿಯುವುದು, ತನ್ನದೇ ಊರಿನ ಮೇಲಿನ ಗದ್ದೆಯವನ ಜೊತೆ ಹೊಡೆದಾಡುವುದು. ಎರಡು ರಾಜ್ಯದ ಇಬ್ಬರು ಕಡೆಯಂಚಿನವರು ಅಲ್ಲಿ ಕುಳಿತು ತಮ್ಮ ತಮ್ಮ ರಾಜ್ಯದ ಮೇಲ್ದಂಡೆಯವರನ್ನು ಬೈಯ್ಯತೊಡಗಿದರು. ಅದಕ್ಕೆ ಅನುವಾದವೂ ಬೇಕಾಗಲಿಲ್ಲ. ನೆಲ್ಲು ಎಂದರೆ ನೆಲ್ಲು, ನೀರು ಎಂದರೆ ನೀರು. ಬೈಗುಳವಂತೂ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ.

ಆಮೇಲೆ ನಡೆದದ್ದನ್ನು ಹೇಳಲು ಅವರು ಅನುಮತಿ ಕೊಟ್ಟಿದ್ದಾರೆ. ನಮ್ಮ ರೈತರು ಹಿಂದಿನ ವರ್ಷ ತಮ್ಮ ಒಡಹುಟ್ಟಿದ ತಮ್ಮನನ್ನು ಕಳೆದುಕೊಂಡಿದ್ದರು. ಸಾಲ. ಅಂತ್ಯಕ್ರಿಯೆ ಮಾಡಿದವರು ನಾವೇ. ಹದಿನಾಲ್ಕು ತಿಂಗಳಲ್ಲಿ ಅವರು ತಮ್ಮನ ಬಗ್ಗೆ ನಮ್ಮ ಮುಂದೆ ಒಂದು ಮಾತೂ ಆಡಿರಲಿಲ್ಲ. ನಾವು ಮನೆಗೆ ಹೋದರೆ ಕಾಫಿ ಕೊಡುತ್ತಿದ್ದರು, ಮಳೆ ವಿಷಯ ಮಾತನಾಡುತ್ತಿದ್ದರು. ಆ ದಿನ, ಆ ಹೋಟೆಲಿನಲ್ಲಿ, ಭಾಷೆ ಬಾರದ ಒಬ್ಬ ಅಪರಿಚಿತರ ಮುಂದೆ ಅವರು ತಮ್ಮನ ಹೆಸರು ಹೇಳಿದರು. ಆ ಬೆಳಿಗ್ಗೆ ತಾನು ಅವನನ್ನು ಬೈದಿದ್ದೆ ಎಂದರು. ಅಳತೊಡಗಿದರು. ಅಜ್ಜಿ ಅನುವಾದ ಮಾಡಲು ಬಾಯಿ ತೆರೆದಾಗ ಆ ಹಿರಿಯರು ಬೇಡವೆಂದು ಕೈ ತೋರಿಸಿದರು. ಎದ್ದು ಬಂದು ಪಕ್ಕದಲ್ಲಿ ಕುಳಿತು, ಹೆಗಲ ಮೇಲಿನ ಟವೆಲು ಕೊಟ್ಟರು.

ನಾವು ಗುರುಗಳು. ಪಾಪನಿವೇದನೆ ಕೇಳುವುದು ನಮ್ಮ ಕೆಲಸ. ಆ ಹೊತ್ತು ನಾವು ಕೈಯಲ್ಲಿ ಲೋಟ ಹಿಡಿದು ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆವು. ನಮ್ಮಿಂದ ಏಕೆ ಆಗಲಿಲ್ಲ ಎಂದು ಆಮೇಲೆ ಬಹಳ ದಿನ ಕೇಳಿಕೊಂಡಿದ್ದೇವೆ. ನಾವು ಸಮಾಧಾನ ಹೇಳಲು ಹೋಗುತ್ತಿದ್ದೆವು. ಅವರು ಹಾಗೆ ಹೋಗಲಿಲ್ಲ. ಅವರ ಹೊಲವೂ ಒಣಗಿತ್ತು, ಅಷ್ಟೇ.

ಹೊರಡುವಾಗ ಅವರೇ ದಾರಿ ಹೇಳಿದರು. ಹೊಸೂರಿನ ಕಡೆ ಹೋಗಬೇಡಿ, ಅಲ್ಲಿ ಗಡಿಯಲ್ಲಿ ಗಲಾಟೆ ಇದೆ, ಈರೋಡು, ಸತ್ಯಮಂಗಲದ ಮೇಲೆ ಹೋಗಿ ಎಂದರು. ನಂಬರಿನ ಮೇಲಿನ ಕೆಸರು ನೋಡಿ ನಕ್ಕು, ಇಷ್ಟು ಕೆಸರು ನಮ್ಮ ಗದ್ದೆಯಲ್ಲಿದ್ದಿದ್ದರೆ ನಾಟಿ ಮಾಡುತ್ತಿದ್ದೆ ಎಂದರಂತೆ. ಆ ಊಟಕ್ಕೆ ಮಾಲೀಕ ಹಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಅನ್ಯಾಯವಾಗುತ್ತಿತ್ತು ಬಿಡಿ! ದಿಂಬಂ ಘಾಟಿ ಹತ್ತಿ, ಚಾಮರಾಜನಗರದ ಮೇಲೆ ಭಾನುವಾರ ಮುಂಜಾನೆ ಊರು ಸೇರಿದೆವು. ಅರ್ಧ ಗಂಟೆ ತಡವಾಗಿ ಭಾನುವಾರದ ಪೂಜೆ ಅರ್ಪಿಸಿದೆವು. ನಿಮ್ಮಲ್ಲಿ ಕೆಲವರು ಗೊಣಗಿದ್ದು ನೆನಪಿದೆ.

ಮರುದಿನ, ಸೋಮವಾರ 12ನೇ ತಾರೀಖು, ಬೆಂಗಳೂರು ಹೊತ್ತಿ ಉರಿಯಿತು. ಒಂದೇ ಡಿಪೋದಲ್ಲಿ ಹತ್ತಾರು ತಮಿಳುನಾಡಿನ ಬಸ್ಸುಗಳು ಸುಟ್ಟುಹೋದವು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ತಮಿಳುನಾಡಿನಲ್ಲೂ ಕೆಲವೆಡೆ ಕರ್ನಾಟಕದ ವಾಹನಗಳಿಗೆ ಪೆಟ್ಟು ಬಿತ್ತು. ಆ ರಾತ್ರಿ ನಮ್ಮ ರೈತರಿಗೆ ಫೋನು ಬಂತು. ಆ ಕಡೆಯಿಂದ ಒಂದೇ ಪ್ರಶ್ನೆ, ಊರು ಸೇರಿದಿರಾ? ಇವರು ಸೇರಿದೆವು ಎಂದರು. ಭಾಷೆ ಮುಗಿಯಿತು. ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದೇ ಇದ್ದರಂತೆ.

ಆ ಚಳಿಗಾಲ ಅವರಿಗೆ ಇನ್ನೂ ಕೆಟ್ಟದಾಯಿತು. ಹಿಂಗಾರು ಸಂಪೂರ್ಣ ಕೈಕೊಟ್ಟಿತು. 2016ರ ಕೊನೆ, 2017ರ ಮೊದಲ ತಿಂಗಳಲ್ಲಿ ಆ ಡೆಲ್ಟಾ ಜಿಲ್ಲೆಗಳಲ್ಲಿ ರೈತರ ಸಾವಿನ ಸುದ್ದಿ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಈಗ ಫೋನು ಮಾಡುವ ಸರದಿ ನಮ್ಮವರದಾಯಿತು. ವಾರಕ್ಕೆ ಎರಡು ಸಲ. ಅಜ್ಜಿಯ ಮನೆಗೆ ಹೋಗಿ, ಅವರ ಪಕ್ಕ ಕುಳಿತು ಮಾಡುತ್ತಿದ್ದರು. ಆ ಕಡೆಯವರು ಎತ್ತದಿದ್ದರೆ ಎತ್ತುವವರೆಗೆ ಮಾಡುತ್ತಿದ್ದರು. ಹೀಗೆ ಏಕೆ ಎಂದು ನಾವು ಕೇಳಲಿಲ್ಲ. ತಮ್ಮನಿಗೆ ಮಾಡದ ಫೋನುಗಳನ್ನು ಮಾಡುತ್ತಿದ್ದಾರೆಂದು ನಮಗೆ ಅನ್ನಿಸಿತು.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದಾಗ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು. ನಮ್ಮಲ್ಲಿ ಸಿಹಿ ಹಂಚಿದರು. ಆ ದಿನ ನಮ್ಮ ರೈತರಿಗೆ ಫೋನು ಮಾಡಲು ಮುಜುಗರ. ಅವರೇ ಮಾಡಿ ಬೈದರಂತೆ, ಆಮೇಲೆ ಮಗಳ ಮದುವೆಗೆ ಕರೆದರಂತೆ. ಅದೇ ವರ್ಷ ನವೆಂಬರಿನಲ್ಲಿ ಗಜ ಚಂಡಮಾರುತ ಆ ಸೀಮೆಯ ತೆಂಗಿನ ಮರಗಳನ್ನು ಮಲಗಿಸಿದಾಗ, ನಮ್ಮ ಧರ್ಮಕೇಂದ್ರದಿಂದ ಟಾರ್ಪಾಲು ಮತ್ತು ಅಕ್ಕಿ ಹೋಯಿತು. ಎಲ್ಲಿಗೆ, ಯಾರಿಗೆ ಎಂದು ಆಗ ನೀವು ಕೇಳಿದ್ದಿರಿ. ಈಗ ಗೊತ್ತಾಯಿತಲ್ಲ.

ಇದು ನಮಗೊಬ್ಬರಿಗೇ ಸಿಕ್ಕ ಅನುಭವ ಎಂದು ನಾವು ಹೇಳುತ್ತಿಲ್ಲ. 2003ರಷ್ಟು ಹಿಂದೆಯೇ ಎರಡೂ ರಾಜ್ಯದ ರೈತರು ಸೇರಿ 'ಕಾವೇರಿ ಕುಟುಂಬ' ಎಂದು ಕಟ್ಟಿಕೊಂಡು, ಇವರು ಅವರ ಗದ್ದೆ, ಅವರು ಇವರ ಗದ್ದೆ ನೋಡಿಬಂದಿದ್ದರು. ಅದರಿಂದ ಒಪ್ಪಂದವೇನೂ ಆಗಲಿಲ್ಲ. ನಮ್ಮ ಈ ಇಬ್ಬರ ಸ್ನೇಹದಿಂದಲೂ ಒಂದು ಕ್ಯೂಸೆಕ್ ನೀರು ಆಚೆ ಈಚೆ ಆಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಬರ, ಮತ್ತೆ ಬಂದ್. ಇಬ್ಬರೂ ಅವರವರ ಊರಿನ ಪ್ರತಿಭಟನೆಯಲ್ಲಿ ಕುಳಿತರು. ಸಂಜೆ ಫೋನು ಮಾಡಿಕೊಂಡರು.

2019ರಲ್ಲಿ ಅವರು ಕನ್ನಂಬಾಡಿ ನೋಡಬೇಕೆಂದು ನಮ್ಮೂರಿಗೆ ಬಂದಿದ್ದರು. ಜೀವಮಾನವಿಡೀ ಹೆಸರು ಕೇಳಿದ ಕಟ್ಟೆ. ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು, ಇದರಲ್ಲಿ ಇಷ್ಟೇನಾ ಹಿಡಿಯುವುದು ಎಂದರು. ಮಧ್ಯಾಹ್ನ ನಮ್ಮ ರೈತರ ಮನೆಯಲ್ಲಿ ಊಟ. ರಾಗಿ ಮುದ್ದೆ, ಬಸ್ಸಾರು. ಪಾಪ, ಅನ್ನ ತಿನ್ನುವ ಊರಿನವರು. ಮುದ್ದೆಯನ್ನು ಅಗಿಯತೊಡಗಿದರು! ಹಲ್ಲಿಗೆ ಅಂಟಿ, ಗಂಟಲಿಗೆ ಸಿಕ್ಕಿ, ಕಣ್ಣಲ್ಲಿ ನೀರು ಬಂತು. ಮನೆಯವರಿಗೆ ಗಾಬರಿ. ಅವರು ನೀರು ಕುಡಿದು ಸಾವರಿಸಿಕೊಂಡು ಅಜ್ಜಿಯ ಮೂಲಕ ಹೇಳಿದ್ದು ಇಷ್ಟೇ, "ಆ ಹೋಟೆಲಿನವನ ಮೇಲೆ ಇವತ್ತು ನಿಮಗೆ ಸೇಡು ತೀರಿತು."

ಅಜ್ಜಿ ಈಗಿಲ್ಲ. 2021ರಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ ಒಂದು ಪ್ರಾರ್ಥನೆಯನ್ನು ತಮಿಳಿನಲ್ಲಿ ಹೇಳಿದೆವು. ಕಾಗದದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೇಳಿದೆವು. ಉಚ್ಚಾರ ಕೆಟ್ಟದಾಗಿತ್ತು. ಅವರ ಮಗ ಏನೂ ಹೇಳಲಿಲ್ಲ, ಕೈ ಹಿಡಿದುಕೊಂಡ.

ಇನ್ನು ಹೆಚ್ಚು ಹೊತ್ತು ನಿಮ್ಮನ್ನು ಕೂರಿಸುವುದಿಲ್ಲ, ಕುಕ್ಕರು ಕೂಗುತ್ತಿರಬೇಕು. ಪೂಜೆಯ ನಂತರ ಮಕ್ಕಳು ತಂದಿರುವ ಹೂವು, ರೈತ ಕುಟುಂಬಗಳು ತಂದಿರುವ ತೆನೆಗಳ ಆಶೀರ್ವಾದ ಇರುತ್ತದೆ. ಆಮೇಲೆ ದೇವಾಲಯದ ಎಡಬಾಗಿಲಿನಲ್ಲಿ ಎಲ್ಲರಿಗೂ ಮಜ್ಜಿಗೆ ಇದೆ. 2017ರಿಂದ ಪ್ರತಿ ಹಬ್ಬಕ್ಕೂ ಅದನ್ನು ಕೊಡುತ್ತಿರುವ ಮನೆಯವರು ಯಾರೆಂದು ನೀವು ಊಹಿಸಬಹುದು, ಹೆಸರು ಮಾತ್ರ ಕೂಗಬೇಡಿ. ದಾರಿಯಲ್ಲಿ ಹೋಗುವ ಬಸ್ಸು, ಲಾರಿಯವರಿಗೂ ಕರೆದು ಕೊಡಿ. ಯಾವ ನಂಬರಿನದಾದರೂ ಸರಿ. ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ಬೆಳಿಗ್ಗೆ ರುಚಿ ನೋಡಿದವರು ಹೇಳಿದರು, ಸಹಿಸಿಕೊಳ್ಳಿ.